ಹಿಡಿಯ ಬುಡದಲ್ಲಿ ಜಿನುಗುವ ಗೇಟ್ ವಾಲ್ವ್: ಬಿಗಿ ಮಾಡಬೇಕೋ, ಬದಲಿಸಬೇಕೋ?

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಕಟ್ಟಿ ಇಪ್ಪತ್ತು ವರ್ಷದ ಮೇಲಾಯಿತು. ಟೆರೇಸಿನ ಮೇಲೆ 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇದೆ. ಅದರಿಂದ ಇಳಿಯುವ ಒಂದು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಹಿತ್ತಾಳೆಯ ಗೇಟ್ ವಾಲ್ವ್ ಹಾಕಿದ್ದಾರೆ. ಹೋದ ತಿಂಗಳು ಬಾತ್‌ರೂಮಿನ ನಲ್ಲಿ ಬದಲಿಸಲು ಆ ವಾಲ್ವ್ ಬಂದ್ ಮಾಡಿದೆವು. ಅಂದಿನಿಂದ ಹಿಡಿಯ ಬುಡದಲ್ಲಿ ನೀರು ಹನಿಯುತ್ತಿದೆ. ಪೂರ್ತಿ ಬಂದ್ ಮಾಡಿದರೂ ಕೆಳಗಿನ ನಲ್ಲಿಯಲ್ಲಿ ಸಣ್ಣ ಧಾರೆ ಬರುತ್ತಲೇ ಇರುತ್ತದೆ. ಬಾವಿ ನೀರು, ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತದೆ. ಪ್ಲಂಬರ್ ಬಂದು ನೋಡಿ, ಪೈಪು ಸಮೇತ ಎಲ್ಲ ತೆಗೆದು ಹೊಸದು ಹಾಕಬೇಕು ಅಂದರು. ಈ ಮಳೆಯಲ್ಲಿ ಅಷ್ಟೆಲ್ಲ ಬಿಚ್ಚಬೇಕಾ? ನಾವೇ ರಿಪೇರಿ ಮಾಡಿಕೊಳ್ಳಬಹುದಾ? ಹೊಸದು ಹಾಕುವುದಾದರೆ ಯಾವುದು ಒಳ್ಳೆಯದು?

ಉತ್ತರ: ನೀವು ಬರೆದದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಹಿಡಿಯ ಬುಡದ ಹನಿ ಒಂದು. ಬಂದ್ ಮಾಡಿದರೂ ನೀರು ದಾಟುವುದು ಇನ್ನೊಂದು. ಮೊದಲನೆಯದನ್ನು ನೀವೇ ಸ್ಪ್ಯಾನರ್ ಹಿಡಿದು ಸರಿ ಮಾಡಿಕೊಳ್ಳಬಹುದು. ಎರಡನೆಯದಕ್ಕೆ ವಾಲ್ವ್ ಬದಲಿಸುವುದೇ ದಾರಿ, ಆದರೆ ಅದಕ್ಕೆ ಮಳೆ ನಿಲ್ಲುವವರೆಗೆ ಕಾಯಬಹುದು. ಪೈಪನ್ನೂ ತೆಗೆಯಬೇಕೋ ಬೇಡವೋ ಅನ್ನುವುದು ಉಪ್ಪು ಅದನ್ನು ಎಷ್ಟು ತಿಂದಿದೆ ಅನ್ನುವುದರ ಮೇಲೆ ನಿಂತಿದೆ. ನಿಮ್ಮ ಪ್ಲಂಬರ್ ಹೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸಮುದ್ರದ ಬದಿಯಲ್ಲಿ ಇಪ್ಪತ್ತು ವರ್ಷ ಕಂಡ ಜಿಐ ಪೈಪನ್ನು ನಾನೂ ಅನುಮಾನದಿಂದಲೇ ನೋಡುತ್ತೇನೆ. ಆದರೆ ಮೊದಲು ನೋಡಬೇಕು, ಆಮೇಲೆ ಬಿಚ್ಚಬೇಕು.

ನೋಡುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಟ್ಯಾಂಕಿನ ಮೇಲೆ ಬಿದ್ದ ನೀರು ಪೈಪಿನ ಮೈ ಹಿಡಿದು ಇಳಿಯುತ್ತದೆ, ವಾಲ್ವ್ ಹತ್ತಿರ ಬಂದು ಹನಿಯುತ್ತದೆ. ನೋಡಿದವರಿಗೆ ವಾಲ್ವೇ ಸೋರುತ್ತಿದೆ ಅನ್ನಿಸುತ್ತದೆ. ಆದ್ದರಿಂದ ಮಳೆ ಬಿಡುವು ಕೊಟ್ಟಾಗ ಟೆರೇಸ್ ಹತ್ತಿ. ವಾಲ್ವಿನ ಮೇಲೂ ಕೆಳಗೂ ಒಂದು ಗೇಣು ಪೈಪನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಆಮೇಲೆ ಹಳೆ ನ್ಯೂಸ್‌ಪೇಪರಿನ ಚೂರುಗಳನ್ನು ಬೇರೆ ಬೇರೆ ಜಾಗಕ್ಕೆ ಸುತ್ತಿ: ಹಿಡಿಯ ಬುಡಕ್ಕೆ ಒಂದು, ವಾಲ್ವಿನ ಮೇಲಿನ ಮುಚ್ಚಳ ಮೈಗೆ ಕೂಡುವಲ್ಲಿ ಒಂದು, ಎರಡೂ ಬದಿಯ ಪೈಪ್ ಥ್ರೆಡ್ಡಿಗೆ ಒಂದೊಂದು. ಹತ್ತು ನಿಮಿಷ ಬಿಟ್ಟು ನೋಡಿ. ಯಾವ ಕಾಗದ ಮೊದಲು ಒದ್ದೆಯಾಯಿತೋ ಸೋರಿಕೆ ಅಲ್ಲಿಯದು. ನೀರು ಕೆಳಕ್ಕೆ ಜಾರಿ ಎಲ್ಲೋ ಒಂದು ಕಡೆ ಹನಿಯುತ್ತದೆ, ಹನಿ ಬಿದ್ದ ಜಾಗವನ್ನೇ ನಂಬಿದರೆ ಸರಿಯಿದ್ದ ಜಾಯಿಂಟನ್ನು ಸುಮ್ನೆ ಬಿಚ್ಚಬೇಕಾಗುತ್ತದೆ.

ಹತ್ತುವಾಗ ಜಾಗ್ರತೆ ಇರಲಿ. ಈ ದಿನಗಳಲ್ಲಿ ಟೆರೇಸಿನ ಮೇಲೆಲ್ಲ ಪಾಚಿ ಇರುತ್ತದೆ. ಗುಡುಗು ಇದ್ದರೆ ಹೋಗಲೇಬೇಡಿ. ಪಂಪಿನ ಸ್ವಿಚ್ ಆಫ್ ಮಾಡಿ, ನೀವು ಇಳಿಯುವವರೆಗೆ ಹಾಕಬೇಡಿ ಅಂತ ಮನೆಯವರಿಗೆ ಹೇಳಿ ಹತ್ತಿ. ನೀರಿನ ಮಟ್ಟ ನೋಡಿ ತಾನಾಗಿ ಶುರುವಾಗುವ ಪಂಪ್ ಆಗಿದ್ದರೆ ಮೇನ್ ಸ್ವಿಚ್ಚನ್ನೇ ತೆಗೆದಿಡಿ.

ಬಂದ್ ಮಾಡಿ ತೆರೆದ ಮೇಲೆ ಶುರುವಾದ ಹನಿ ಅಂದಿರಿ. ಹಾಗಾದರೆ ನೂರಕ್ಕೆ ತೊಂಬತ್ತು ಪಾಲು ಅದು ಗ್ಲ್ಯಾಂಡಿನದು. ಗೇಟ್ ವಾಲ್ವಿನ ಒಳಗೆ ಒಂದು ಲೋಹದ ಗೇಟ್ ಇದೆ. ಹಿಡಿ ತಿರುಗಿಸಿದರೆ ನಡುವಿನ ಕಡ್ಡಿ, ಅಂದರೆ ಸ್ಪಿಂಡಲ್, ತಿರುಗಿ ಆ ಗೇಟನ್ನು ಮೇಲೆತ್ತುತ್ತದೆ ಅಥವಾ ಕೆಳಗಿಳಿಸುತ್ತದೆ. ಸ್ಪಿಂಡಲ್ ತಿರುಗಬೇಕು, ಆದರೆ ಅದರ ಸುತ್ತಲಿಂದ ನೀರು ಹೊರಗೆ ಬರಬಾರದು. ಅದಕ್ಕೆ ಸ್ಪಿಂಡಲ್ ಸುತ್ತ ಒಂದು ಮೆತ್ತನೆ ದಾರದಂಥ ಪ್ಯಾಕಿಂಗ್ ತುಂಬಿ, ಮೇಲಿಂದ ಒಂದು ನಟ್ ಹಾಕಿ ಒತ್ತಿರುತ್ತಾರೆ. ಅದೇ ಗ್ಲ್ಯಾಂಡ್ ನಟ್. ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೆ ಪ್ಯಾಕಿಂಗ್ ಒಣಗಿ, ಗಟ್ಟಿಯಾಗಿ, ಸ್ಪಿಂಡಲ್ಲಿಗೆ ಅಂಟಿಕೊಂಡು ಕೂತಿರುತ್ತದೆ. ಅಲ್ಲಿಯವರೆಗೆ ಒಂದು ಹನಿಯೂ ಸೋರುವುದಿಲ್ಲ. ಎಂದೋ ಒಮ್ಮೆ ಹಿಡಿ ತಿರುಗಿಸಿದಾಗ ಆ ಅಂಟು ಬಿಡುತ್ತದೆ, ಸಂದಿಯಾಗುತ್ತದೆ. ನೀವು ಏನೂ ಕೆಡಿಸಿಲ್ಲ. ತಿರುಗಿಸದೇ ಇದ್ದ ಯಾವ ವಾಲ್ವ್ ಆದರೂ ಮೊದಲ ಸಲ ಹೀಗೇ ಮಾಡುತ್ತದೆ.

ಈಗ ಹಿಡಿಯ ಕೆಳಗೆ ನೋಡಿ. ಆರು ಮೂಲೆಯ ಎರಡು ಭಾಗ ಕಾಣುತ್ತವೆ. ಮೇಲಿರುವ ಸಣ್ಣದು ಗ್ಲ್ಯಾಂಡ್ ನಟ್. ಕೆಳಗಿರುವ ದೊಡ್ಡದು ವಾಲ್ವಿನ ಮುಚ್ಚಳ. ಮುಟ್ಟಬೇಕಾದ್ದು ಸಣ್ಣದನ್ನು ಮಾತ್ರ. ಟ್ಯಾಂಕಿನಲ್ಲಿ ನೀರಿರುವಾಗ ದೊಡ್ಡದನ್ನು ಸಡಿಲಿಸಿದರೆ ಮುಚ್ಚಳವೇ ಕೈಗೆ ಬಂದು, ಸಾವಿರ ಲೀಟರ್ ನೀರು ಟೆರೇಸಿನ ಪಾಲಾಗುತ್ತದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ದೊಡ್ಡ ನಟ್ಟಿಗೆ ಸ್ಪ್ಯಾನರ್ ಸುಲಭವಾಗಿ ಕೂರುತ್ತದೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಎರಡು ಸ್ಪ್ಯಾನರ್ ಬೇಕು. ಒಂದರಿಂದ ದೊಡ್ಡ ಮುಚ್ಚಳವನ್ನು ಅಲುಗದಂತೆ ಹಿಡಿಯಿರಿ. ಇನ್ನೊಂದರಿಂದ ಗ್ಲ್ಯಾಂಡ್ ನಟ್ಟನ್ನು ಬಲಕ್ಕೆ, ಅಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ, ಒಂದು ಸುತ್ತಿನ ಎಂಟನೇ ಒಂದು ಪಾಲು ತಿರುಗಿಸಿ. ಅಷ್ಟೇ. ಒರೆಸಿ, ಐದು ನಿಮಿಷ ಕಾಯಿರಿ. ಹನಿ ನಿಂತಿಲ್ಲವಾ, ಮತ್ತೆ ಅಷ್ಟೇ ತಿರುಗಿಸಿ. ಪ್ರತಿ ಸಲವೂ ಹಿಡಿಯನ್ನು ಕೈಯಲ್ಲಿ ಸ್ವಲ್ಪ ಆಡಿಸಿ ನೋಡಿ. ಅದು ಕೈಯಿಂದಲೇ ತಿರುಗುವಂತಿರಬೇಕು. ಹನಿ ನಿಲ್ಲಲಿ ಅಂತ ಜೋರಾಗಿ ಬಿಗಿದರೆ ಪ್ಯಾಕಿಂಗ್ ಸ್ಪಿಂಡಲ್ಲನ್ನು ಕಚ್ಚಿ ಹಿಡಿಯುತ್ತದೆ. ಇವತ್ತಿಗೆ ಸೋರಿಕೆ ನಿಂತೀತು, ಮುಂದಿನ ಸಲ ಬಂದ್ ಮಾಡಲು ಹೋದಾಗ ಹಿಡಿ ಅಲುಗುವುದಿಲ್ಲ. ಆಗ ಬಲ ಹಾಕಿದರೆ ಸ್ಪಿಂಡಲ್ಲೇ ಮುರಿಯುತ್ತದೆ. ಹೆಚ್ಚಿನ ಮನೆಗಳಲ್ಲಿ ಅರ್ಧ ಸುತ್ತಿನೊಳಗೆ ಹನಿ ನಿಲ್ಲುತ್ತದೆ. ನಿಮ್ಮದು ಒಂದು ಅಂತಸ್ತಿನ ಮನೆ ಅಂತ ಅಂದುಕೊಂಡರೆ ಟ್ಯಾಂಕಿನಿಂದ ನಲ್ಲಿಗೆ ಮೂರು ಮೀಟರ್ ಎತ್ತರ ಇರಬಹುದು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಲೆಕ್ಕ. ಅಂದರೆ ನಲ್ಲಿಯಲ್ಲೇ ಒತ್ತಡ 0.3 ಬಾರ್ ಮಾತ್ರ, ಟ್ಯಾಂಕಿನ ಬುಡದ ವಾಲ್ವಿಗೆ ಅದರ ಅರ್ಧವೂ ಇರುವುದಿಲ್ಲ. ಇಷ್ಟು ಕಡಿಮೆ ಒತ್ತಡ ತಡೆಯಲು ಪ್ಯಾಕಿಂಗ್ ಮೇಲೆ ಭಾರೀ ಬಿಗಿ ಬೇಕಿಲ್ಲ.

ನಟ್ ಕೆಳಗಿನವರೆಗೆ ಹೋಗಿ ಕೂತರೂ ಹನಿ ನಿಲ್ಲಲಿಲ್ಲ ಅಂದರೆ ಪ್ಯಾಕಿಂಗ್ ಮುಗಿದಿದೆ, ಹೊಸದು ತುಂಬಬೇಕು. ಇದಕ್ಕೆ ನೀರು ನಿಲ್ಲಿಸಲೇಬೇಕು. ತೊಂದರೆ ಏನೆಂದರೆ ಟ್ಯಾಂಕಿಗೂ ಈ ವಾಲ್ವಿಗೂ ನಡುವೆ ಬೇರೆ ವಾಲ್ವ್ ಇಲ್ಲ. ಟ್ಯಾಂಕ್ ಖಾಲಿ ಮಾಡುವುದು ಎಲ್ಲಕ್ಕಿಂತ ಸುಲಭ. ಹಿಂದಿನ ರಾತ್ರಿ ಪಂಪ್ ಹಾಕಬೇಡಿ, ಬೆಳಗಿನ ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಮುಗಿಸಿ ಉಳಿದ ನೀರನ್ನು ಬಕೆಟ್ಟಿಗೆ ತುಂಬಿಸಿಡಿ. ಟ್ಯಾಂಕ್ ತೊಳೆಯುವ ಕೆಲಸವನ್ನೂ ಅದೇ ದಿನ ಇಟ್ಟುಕೊಳ್ಳಿ. ಖಾಲಿ ಮಾಡಲು ಆಗುವುದೇ ಇಲ್ಲ ಅಂದರೆ ಟ್ಯಾಂಕಿನ ಒಳಗಿನಿಂದ ಪೈಪಿನ ಬಾಯಿಗೆ ರಬ್ಬರ್ ಬಿರಡೆ ಒತ್ತಬಹುದು. ಆ ಬಿರಡೆಗೆ ಗಟ್ಟಿ ನೈಲಾನ್ ದಾರ ಕಟ್ಟಿ, ದಾರದ ತುದಿಯನ್ನು ಟ್ಯಾಂಕಿನ ಹೊರಗೆ ಕಟ್ಟಿಡಿ. ಬರೀ ಬಟ್ಟೆ ತುರುಕಬೇಡಿ. ನೀರಿನ ಸೆಳೆತಕ್ಕೆ ಬಟ್ಟೆ ಪೈಪಿನೊಳಗೆ ಹೋಗಿ ಸಿಕ್ಕಿಕೊಂಡರೆ ಆಗ ನಿಜಕ್ಕೂ ಪೈಪ್ ಕತ್ತರಿಸಬೇಕಾಗುತ್ತದೆ.

ನೀರು ನಿಂತ ಮೇಲೆ ಹಿಡಿಯ ನಡುವಿನ ಸ್ಕ್ರೂ ಅಥವಾ ನಟ್ ಬಿಚ್ಚಿ ಹಿಡಿ ತೆಗೆಯಿರಿ. ಗ್ಲ್ಯಾಂಡ್ ನಟ್ ಪೂರ್ತಿ ಬಿಚ್ಚಿ ಸ್ಪಿಂಡಲ್ ಮೇಲಿನಿಂದ ಹೊರಗೆ ತೆಗೆಯಿರಿ. ಅದರ ಕೆಳಗೆ ಕೆಲವು ವಾಲ್ವಿನಲ್ಲಿ ಒಂದು ಸಣ್ಣ ಬಳೆಯಂಥ ಚೂರು ಇರುತ್ತದೆ, ಅದನ್ನು ಕಳೆಯಬೇಡಿ. ಒಳಗೆ ಕಪ್ಪಾಗಿ ಗಟ್ಟಿಯಾದ ಹಳೆ ಪ್ಯಾಕಿಂಗ್ ಕಾಣುತ್ತದೆ. ದೊಡ್ಡ ಸೂಜಿಯಿಂದಲೋ ಸಣ್ಣ ಸ್ಕ್ರೂಡ್ರೈವರಿನಿಂದಲೋ ಅದನ್ನು ಕೆದಕಿ ತೆಗೆಯಿರಿ. ಸ್ಪಿಂಡಲ್ಲಿಗೆ ಗೀರು ಬೀಳಬಾರದು, ಗೀರಿನ ದಾರಿಯಲ್ಲೇ ನಾಳೆ ನೀರು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಲ್ಯಾಂಡ್ ಪ್ಯಾಕಿಂಗ್ ದಾರ ಅಂತ ಕೇಳಿ. ಟೆಫ್ಲಾನಿನದು ಸಿಕ್ಕರೆ ಅದನ್ನೇ ತನ್ನಿ. ಕಪ್ಪು ಗ್ರಾಫೈಟ್ ದಾರವೂ ಸಿಗುತ್ತದೆ, ಬಿಸಿ ನೀರಿನ, ಹಬೆಯ ಕೆಲಸಕ್ಕೆ ಅದು ಒಳ್ಳೆಯದು. ಆದರೆ ಉಪ್ಪು ನೀರಿನಲ್ಲಿ ಗ್ರಾಫೈಟ್ ತನಗೆ ತಾಗಿದ ಲೋಹ ಬೇಗ ಸವೆಯುವಂತೆ ಮಾಡುತ್ತದೆ. ನಿಮ್ಮ ಬಾವಿ ನೀರಿಗೆ ಬೇಡ.

ದಾರ ಸಿಗದಿದ್ದರೆ ಸಾಮಾನ್ಯ ಟೆಫ್ಲಾನ್ ಟೇಪನ್ನೇ ಹುರಿ ಮಾಡಿ ದಾರದಂತೆ ಬಳಸಬಹುದು. ನಟ್ ಬಿಗಿಯುವ ದಿಕ್ಕಿಗೇ ಸ್ಪಿಂಡಲ್ ಸುತ್ತ ನಾಲ್ಕೈದು ಸುತ್ತು ಸುತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒಳಗೆ ಒತ್ತಿ, ನಟ್ಟನ್ನು ಕೈಯಿಂದ ಬಿಗಿದು, ಆಮೇಲೆ ಸ್ಪ್ಯಾನರಿನಿಂದ ಸ್ವಲ್ಪ ತಿರುಗಿಸಿ. ಸ್ಪಿಂಡಲ್ಲಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿದರೆ ಚೆನ್ನ. ಗಾಡಿಯ ಗ್ರೀಸ್ ಬೇಡ. ಕುಡಿಯುವ ನೀರಿಗೆ ಅದು ಸಲ್ಲದು, ರಬ್ಬರ್ ರಿಂಗ್ ಇರುವ ವಾಲ್ವ್ ಆದರೆ ಪೆಟ್ರೋಲಿಯಂ ಗ್ರೀಸಿಗೆ ಕೆಲವು ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಎಂ-ಸೀಲ್ ತಂದು ಹಿಡಿಯ ಬುಡಕ್ಕೆ ಮೆತ್ತುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿರುಗಬೇಕಾದ ಭಾಗವನ್ನು ಅಂಟಿಸಿಬಿಟ್ಟರೆ ಅಲ್ಲಿಗೆ ವಾಲ್ವ್ ಕತೆ ಮುಗಿಯಿತು. ಥ್ರೆಡ್ಡಿನ ಹತ್ತಿರದ ಸಣ್ಣ ತೂತಿಗೆ, ಅದೂ ಪೂರ್ತಿ ಒಣಗಿಸಿದ ಮೇಲೆ, ನಾಲ್ಕು ದಿನದ ಮಟ್ಟಿಗೆ ಎಂ-ಸೀಲ್ ಆದೀತು. ಅದಕ್ಕಿಂತ ಹೆಚ್ಚಿನ ಕೆಲಸ ಅದಕ್ಕೆ ಕೊಡಬಾರದು.

ಇನ್ನು ಬಂದ್ ಮಾಡಿದರೂ ನೀರು ದಾಟುವ ವಿಚಾರ. ಒಳಗಿನ ಗೇಟ್ ಕೂರುವ ಜಾಗ, ಅಂದರೆ ಸೀಟ್, ಸವೆದಿರಬಹುದು, ಅಥವಾ ಕೆಳಗೆ ಕೆಸರು, ತುಕ್ಕಿನ ಚೂರು ಕೂತು ಗೇಟ್ ಪೂರ್ತಿ ಇಳಿಯದೇ ಇರಬಹುದು. ಕೆಸರಾಗಿದ್ದರೆ ಒಂದು ಉಪಾಯವಿದೆ. ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದಿಟ್ಟು ವಾಲ್ವನ್ನು ಮೆಲ್ಲಗೆ ಮುಚ್ಚುತ್ತಾ ಬನ್ನಿ. ಇನ್ನೇನು ಮುಚ್ಚಿತು ಅನ್ನುವಾಗ ಸಂದಿಯಲ್ಲಿ ನೀರು ರಭಸವಾಗಿ ಹೋಗಿ ಕೆಸರನ್ನು ತೊಳೆಯುತ್ತದೆ. ಮತ್ತೆ ಎರಡು ಸುತ್ತು ತೆರೆಯಿರಿ, ಮತ್ತೆ ಮುಚ್ಚಿ. ನಾಲ್ಕೈದು ಸಲ ಹೀಗೆ ಮಾಡಿದರೆ ಕೆಲವು ವಾಲ್ವ್ ಸರಿಹೋಗುತ್ತವೆ. ನಲ್ಲಿಯ ಬಾಯಿಗೆ ಜಾಲರಿ ಇದ್ದರೆ ಮೊದಲೇ ಬಿಚ್ಚಿಡಿ, ಇಲ್ಲವಾದರೆ ಕಸವೆಲ್ಲ ಅದರಲ್ಲಿ ಕೂರುತ್ತದೆ. ಇದರಿಂದಲೂ ಧಾರೆ ನಿಲ್ಲಲಿಲ್ಲ ಅಂದರೆ ಸೀಟ್ ಸವೆದಿದೆ ಅಂತಲೇ ತಿಳಿಯಿರಿ. ಅರ್ಧ ತೆರೆದು ಬಿಟ್ಟ ಗೇಟ್ ವಾಲ್ವ್ ಬೇಗ ಸವೆಯುತ್ತದೆ. ನೀರಿನ ರಭಸ ಕಡಿಮೆಯಾಗಲಿ ಅಂತ ಅದನ್ನು ಅರ್ಧಕ್ಕೆ ಇಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಗೇಟ್ ಅದಕ್ಕಾಗಿ ಮಾಡಿದ್ದಲ್ಲ. ಅದು ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಮುಚ್ಚಿರಬೇಕು.

ಹಿಡಿ ಗಟ್ಟಿಯಾಗಿದ್ದರೆ ಪೈಪಿನ ತುಂಡು ಸಿಕ್ಕಿಸಿ ತಿರುಗಿಸುವ ಸಾಹಸ ಬೇಡ. ಬುಡಕ್ಕೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಆಡಿಸಿ. ಹಳೆ ವಾಲ್ವನ್ನು ರಾತ್ರಿ ಹೊತ್ತಿಗೆ, ಅಂಗಡಿ ಮುಚ್ಚಿದ ಮೇಲೆ ಮುಟ್ಟಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸ್ಪಿಂಡಲ್ ಗೇಟಿನಿಂದ ಕಳಚಿಕೊಂಡರೆ ಗೇಟ್ ಕೆಳಗೆ ಬಿದ್ದು ದಾರಿ ಮುಚ್ಚುತ್ತದೆ, ಹಿಡಿ ಎಷ್ಟು ತಿರುಗಿಸಿದರೂ ಮೇಲೇಳುವುದಿಲ್ಲ. ಬೆಳಗಿನವರೆಗೆ ಮನೆಗೆ ನೀರಿಲ್ಲ.

ಈಗ ಉಪ್ಪಿನ ಮಾತು. ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಇದೇ ಅಂತ ನನಗನ್ನಿಸುತ್ತದೆ. ಕೋಡಿಬಾಗ ಅಂದರೆ ಕಾಳಿ ನದಿ ಸಮುದ್ರ ಸೇರುವ ಜಾಗ. ಬೇಸಿಗೆಯಲ್ಲಿ ನದಿಯ ಹರಿವು ತಗ್ಗಿದಾಗ ಭರತದ ನೀರು ಒಳಗೆ ನುಗ್ಗುತ್ತದೆ, ಬದಿಯ ಬಾವಿಗಳು ಉಪ್ಪಾಗುತ್ತವೆ. ಕುಮಟೆಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಅಂಕೋಲೆಯಲ್ಲಿ ಗಂಗಾವಳಿ, ಎಲ್ಲಾ ನದಿಬಾಯಿಯ ಮನೆಗಳಿಗೂ ಇದೇ ಕತೆ. ಗಾಳಿಯಲ್ಲೂ ಉಪ್ಪಿದೆ. ಅಂದರೆ ನಿಮ್ಮ ವಾಲ್ವನ್ನು ಉಪ್ಪು ಒಳಗಿನಿಂದಲೂ ತಿನ್ನುತ್ತಿದೆ, ಹೊರಗಿನಿಂದಲೂ ತಿನ್ನುತ್ತಿದೆ.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಬೆರೆತ ಲೋಹ. ಅಗ್ಗದ ವಾಲ್ವುಗಳ ಹಿತ್ತಾಳೆಯಲ್ಲಿ ನೂರಕ್ಕೆ ನಲವತ್ತರ ಹತ್ತಿರ ಸತು ಇರುತ್ತದೆ. ಉಪ್ಪಿನ ಅಂಶ ಇರುವ ನೀರು ಆ ಸತುವನ್ನು ಮೆಲ್ಲಗೆ ಕರಗಿಸಿ ಒಯ್ಯುತ್ತದೆ. ಉಳಿಯುವುದು ಬರೀ ತಾಮ್ರದ ತೂತು ತೂತಾದ ಗೂಡು. ಹೊರಗಿನಿಂದ ಆಕಾರ ಹಾಗೇ ಇರುತ್ತದೆ, ಒಳಗೆ ಗೆದ್ದಲು ತಿಂದ ರೀಪಿನ ಹಾಗೆ ಬಲವೇ ಇರುವುದಿಲ್ಲ. ರೆಂಚ್ ಹಾಕಿದೊಡನೆ ಪಟ್ ಅಂತ ಮುರಿಯುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ವಾಲ್ವಿನ ಮೈಯನ್ನು ಚಾಕುವಿನ ತುದಿಯಿಂದ ಒಂದು ಜಾಗದಲ್ಲಿ ಕೆರೆಯಿರಿ. ಒಳಗೆ ಹಳದಿ ಹೊಳೆದರೆ ಲೋಹ ಇನ್ನೂ ಗಟ್ಟಿ. ತಾಮ್ರದಂಥ ಕೆಂಪು, ನಸುಗೆಂಪು ಕಂಡರೆ ಸತು ಹೋಗಿದೆ. ಥ್ರೆಡ್ಡಿನ ಸುತ್ತ, ಮುಚ್ಚಳದ ಸಂದಿಯಲ್ಲಿ ಸುಣ್ಣದಂಥ ಬಿಳಿ ಪುಡಿ ಗಡ್ಡೆ ಕಟ್ಟಿದ್ದರೂ ಅನುಮಾನ ಪಡಿ. ಹಸಿರು ಕಲೆ ಬರೀ ಮೇಲ್ಮೈಯದು, ಅದಕ್ಕೆ ಹೆದರಬೇಕಿಲ್ಲ. ಕೆರೆದಾಗ ಕೆಂಪು ಕಂಡರೆ ನಾನು ಮೇಲೆ ಹೇಳಿದ ಗ್ಲ್ಯಾಂಡ್ ಕೆಲಸವನ್ನೂ ಮಾಡಬೇಡಿ. ಹನಿಯ ಕೆಳಗೆ ಬಕೆಟ್ ಇಟ್ಟು, ವಾಲ್ವನ್ನು ಮುಟ್ಟದೆ, ಬದಲಿಸುವ ದಿನ ಗೊತ್ತು ಮಾಡಿ. ಸೆಕೆಂಡಿಗೆ ಒಂದು ಹನಿ ಅಂದರೂ ದಿನಕ್ಕೆ ಹಲವು ಲೀಟರ್ ನೀರು, ಬಕೆಟ್ ತುಂಬುವುದನ್ನು ನೋಡುತ್ತಿರಿ. ಆ ನೀರನ್ನು ಚಿರೆಕಲ್ಲಿನ ಗೋಡೆಗೆ ಇಳಿಯಲು ಬಿಡಬೇಡಿ. ಚಿರೆಕಲ್ಲು ನೀರನ್ನು ಹೀರಿ, ಎಲ್ಲೋ ದೂರದ ಕೋಣೆಯ ಗೋಡೆಯಲ್ಲಿ ತೋರಿಸುತ್ತದೆ.

ಪೈಪನ್ನೂ ಹೀಗೇ ನೋಡಿ. ಜಿಐ ಪೈಪಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಇರುತ್ತದೆ. ಥ್ರೆಡ್ ಕತ್ತರಿಸುವಾಗ ಆ ಲೇಪ ಹೋಗುತ್ತದೆ, ಅಲ್ಲಿ ಗೋಡೆಯ ದಪ್ಪವೂ ಕಡಿಮೆಯಾಗುತ್ತದೆ. ಅದಕ್ಕೆ ಹಿತ್ತಾಳೆ ತಾಗಿ ಕೂತರೆ ಎರಡು ಲೋಹಗಳ ನಡುವೆ ಕಬ್ಬಿಣವೇ ಮೊದಲು ಸವೆಯುತ್ತದೆ. ಆದ್ದರಿಂದ ವಾಲ್ವಿಗೆ ಕೂಡುವ ಥ್ರೆಡ್ಡಿನಲ್ಲೇ ಜಿಐ ಪೈಪ್ ಮೊದಲು ಕೊಳೆಯುವುದು. ಥ್ರೆಡ್ಡಿನ ಹತ್ತಿರ ತುಕ್ಕು ಪದರ ಪದರವಾಗಿ ಏಳುತ್ತಿದೆಯಾ, ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗೆ ಹೋಗುತ್ತದೆಯಾ, ನೋಡಿ. ಹಾಗಿದ್ದರೆ ನಿಮ್ಮ ಪ್ಲಂಬರ್ ಮಾತೇ ಸರಿ. ಟ್ಯಾಂಕಿನಿಂದ ಕೆಳಗಿಳಿಯುವ ಪೈಪನ್ನು ಪೂರ್ತಿ ತೆಗೆದು ಪ್ಲಾಸ್ಟಿಕ್ ಪೈಪ್ ಹಾಕಿಸಿ. ಗೋಡೆಯ ಒಳಗಿನ ಪೈಪನ್ನು ಒಡೆಯಲೇಬೇಕು ಅಂತಿಲ್ಲ, ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ಗೋಡೆಯ ಹೊರಗೆ ಕ್ಲಾಂಪ್ ಹಾಕಿ ಇಳಿಸಬಹುದು. ನೋಡಲು ಅಷ್ಟು ಚಂದ ಕಾಣುವುದಿಲ್ಲ, ನಿಜ. ಆದರೆ ಮುಂದೆ ಎಲ್ಲಿ ಸೋರಿದರೂ ಕಣ್ಣಿಗೆ ಕಾಣುತ್ತದೆ. ಕರಾವಳಿಯ ಮನೆಗೆ ಇದೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪೈಪು ಗಟ್ಟಿ ಇದ್ದರೆ ವಾಲ್ವ್ ಮಾತ್ರ ಬದಲಿಸಬಹುದು. ಆಗ ಒಂದು ರೆಂಚಿನಿಂದ ಪೈಪನ್ನು ಗಟ್ಟಿ ಹಿಡಿದು, ಇನ್ನೊಂದರಿಂದ ವಾಲ್ವ್ ತಿರುಗಿಸಬೇಕು. ಒಂದೇ ರೆಂಚ್ ಹಾಕಿ ತಿರುಗಿಸಿದರೆ ಆ ತಿರುಚು ಪೈಪಿನ ಉದ್ದಕ್ಕೂ ಹೋಗಿ, ಟ್ಯಾಂಕಿನ ಬುಡದಲ್ಲೋ ಗೋಡೆಯೊಳಗಿನ ಎಲ್ಬೋದಲ್ಲೋ ಹೊಸ ಸೋರಿಕೆ ಶುರು ಮಾಡುತ್ತದೆ. ಹೊಸ ವಾಲ್ವ್ ಪಕ್ಕದಲ್ಲಿ ಒಂದು ಯೂನಿಯನ್, ಅಂದರೆ ಪೈಪ್ ತಿರುಗಿಸದೆಯೇ ಬಿಚ್ಚಲು ಬರುವ ಜೋಡಣೆ, ಹಾಕಿಸಿ. ಮುಂದಿನ ಸಲ ಬಿಚ್ಚುವುದು ಹತ್ತು ನಿಮಿಷದ ಕೆಲಸವಾಗುತ್ತದೆ. ಇದೊಂದನ್ನು ಹೇಳಿ ಮಾಡಿಸಿಕೊಳ್ಳಿ, ಹೇಳದಿದ್ದರೆ ಹೆಚ್ಚಿನವರು ಹಾಕುವುದಿಲ್ಲ.

ಯಾವ ವಾಲ್ವ್ ಅಂತ ಕೇಳಿದಿರಿ. ಟೆರೇಸಿನ ಈ ಜಾಗಕ್ಕೆ, ಪೈಪನ್ನೂ ಪ್ಲಾಸ್ಟಿಕ್ಕಿಗೆ ಬದಲಿಸುವುದಾದರೆ, ಒಳ್ಳೆ ಕಂಪನಿಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಲ್ ವಾಲ್ವ್, ಅಂದರೆ ಗೇಟಿನ ಬದಲು ತೂತಿರುವ ಗುಂಡು ತಿರುಗುವ ವಾಲ್ವ್, ಹಾಕಿ. ಅದಕ್ಕೆ ಉಪ್ಪಿನ ಭಯವೇ ಇಲ್ಲ. ಕಾಲು ಸುತ್ತಿನಲ್ಲಿ ಬಂದ್ ಆಗುತ್ತದೆ, ಹಿಡಿ ಪೈಪಿಗೆ ನೇರವಾಗಿದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ ಅಂತ ದೂರದಿಂದಲೇ ತಿಳಿಯುತ್ತದೆ. ಬಿಸಿಲು ಮಾತ್ರ ಅದಕ್ಕೆ ಆಗದು. ವರ್ಷಗಟ್ಟಲೆ ಬಿಸಿಲು ತಿಂದರೆ ಸೆಟೆದು ಬಿರುಕು ಬಿಡುತ್ತದೆ. ನೀರಿನಲ್ಲಿ ಕಲಸುವ ಬಿಳಿ ಪೇಂಟ್ ಎರಡು ಕೋಟ್ ಹೊಡೆಯಿರಿ. ಆಯಿಲ್ ಪೇಂಟ್ ಬೇಡ, ಅದರಲ್ಲಿರುವ ದ್ರಾವಕ ಕೆಲವು ಪ್ಲಾಸ್ಟಿಕ್ಕಿಗೆ ಹಾನಿ ಮಾಡುತ್ತದೆ. ಬಿಳಿಯದು ಯುಪಿವಿಸಿ, ನಸು ಹಳದಿಯದು ಸಿಪಿವಿಸಿ, ಬಿಸಿನೀರಿಗೂ ಆಗುವ ಪ್ಲಾಸ್ಟಿಕ್. ಎರಡರ ಹೊರ ಅಳತೆ ಬೇರೆ, ಜೋಡಿಸಲು ಹಚ್ಚುವ ಗಮ್ಮೂ ಬೇರೆ. ಅಂಗಡಿಗೆ ಹೋಗುವಾಗ ಪೈಪಿನ ತುಂಡೊಂದನ್ನು ಕೈಯಲ್ಲಿ ಹಿಡಿದು ಹೋಗಿ.

ಜಿಐ ಪೈಪೇ ಉಳಿಯುವುದಾದರೆ ಗನ್ ಮೆಟಲ್ ವಾಲ್ವ್ ತನ್ನಿ. ಅದರಲ್ಲಿ ಸುಮಾರು 85 ಪಾಲು ತಾಮ್ರ, ಉಳಿದದ್ದು ತವರ, ಸೀಸ, ಸತು, ತಲಾ 5 ಪಾಲಿನ ಹತ್ತಿರ. ಸತು ಇಷ್ಟು ಕಡಿಮೆ ಇರುವುದರಿಂದ ಉಪ್ಪು ನೀರು ಅದನ್ನು ಹಿತ್ತಾಳೆಯ ಹಾಗೆ ಟೊಳ್ಳು ಮಾಡಲಾರದು. ಐಎಸ್ 778 ಗುರುತು ಇದೆಯಾ ನೋಡಿ, ನೀರಿನ ಕೆಲಸದ ತಾಮ್ರ ಮಿಶ್ರಲೋಹದ ವಾಲ್ವುಗಳಿಗೆ ಇರುವ ಭಾರತೀಯ ಮಾನಕ ಅದು. ಅಂಗಡಿಯಲ್ಲಿ ಎರಡು ವಾಲ್ವನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ. ಒಂದೇ ಅಳತೆಯದು ತೀರಾ ಹಗುರವಾಗಿದ್ದರೆ ಬೇಡ. ಸಣ್ಣ ಅಯಸ್ಕಾಂತ ಒಯ್ಯಿರಿ. ವಾಲ್ವಿನ ಮೈಗೆ ಅದು ಹಿಡಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಹಿಡಿಗೆ ಹಿಡಿದರೆ ಪರವಾಗಿಲ್ಲ, ಹಿಡಿ ಕಬ್ಬಿಣದ್ದೇ ಇರುತ್ತದೆ. ಗನ್ ಮೆಟಲ್ಲಿನಲ್ಲಿ ಸೀಸ ಇರುವುದರಿಂದ, ರಾತ್ರಿಯಿಡೀ ಪೈಪಿನಲ್ಲಿ ನಿಂತ ಬೆಳಗಿನ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ, ಗಿಡಕ್ಕೆ ಹಾಕಿ.

ಸ್ಟೀಲ್ ವಾಲ್ವ್ ಆದರೆ ಶಾಶ್ವತ ಅಲ್ವಾ ಅಂತ ಕೇಳುವವರು ಜಾಸ್ತಿ. ಸಾಮಾನ್ಯವಾಗಿ ಸಿಗುವುದು 304 ದರ್ಜೆಯದು. ಸಮುದ್ರದ ಗಾಳಿಗೆ ಅದೂ ಕಂದು ಕಲೆ ಹಿಡಿಯುತ್ತದೆ, ಸಂದಿಗಳಲ್ಲಿ ಸಣ್ಣ ಗುಳಿ ಬೀಳುತ್ತದೆ. 316 ದರ್ಜೆಯದರಲ್ಲಿ ಮಾಲಿಬ್ಡಿನಂ ಇರುತ್ತದೆ, ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹಾಗೇ. ಮನೆಯ ಟ್ಯಾಂಕಿಗೆ ಅಷ್ಟು ಖರ್ಚು ಬೇಕಿಲ್ಲ ಅಂತ ನಾನಂದುಕೊಂಡಿದ್ದೇನೆ. ಹಿತ್ತಾಳೆಯ ಬಾಲ್ ವಾಲ್ವ್ ತಂದರೆ ಅದರ ಹಿಡಿ ಮತ್ತು ಹಿಡಿಯ ನಟ್ ಮೊದಲು ತುಕ್ಕು ಹಿಡಿದು ಮುರಿಯುತ್ತವೆ. ಹಾಕಿದ ದಿನವೇ ಅಲ್ಲಿಗೆ ಗ್ರೀಸ್ ಸವರಿ. ಅಲ್ಲಿ ಹೊರಗಿನ ಭಾಗವಾದ್ದರಿಂದ ಯಾವ ಗ್ರೀಸ್ ಆದರೂ ಸರಿ.

ಘಟ್ಟದ ಮೇಲಿನವರಿಗೂ ಒಂದು ಮಾತು, ಯಾಕೆಂದರೆ ಶಿರಸಿ, ಸಿದ್ದಾಪುರದ ಕಡೆಯಿಂದಲೂ ಇಂಥ ಪ್ರಶ್ನೆ ಬರುತ್ತವೆ. ಅಲ್ಲಿ ಉಪ್ಪಿನ ಕಾಟವಿಲ್ಲ. ಆದರೆ ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ಇಳಿಸಿಕೊಂಡ ನೀರಾದರೆ ಒತ್ತಡ ಜಾಸ್ತಿ. ಮೂವತ್ತು ಮೀಟರ್ ಎತ್ತರದಿಂದ ಬಂದರೆ 3 ಬಾರ್. ಜೊತೆಗೆ ಮರಳು, ಎಲೆಯ ಚೂರು. ಅಲ್ಲಿ ವಾಲ್ವ್ ಸವೆಯುವುದು ಮರಳಿನಿಂದ. ವಾಲ್ವಿಗಿಂತ ಮೊದಲು ಒಂದು ಜಾಲರಿ ಫಿಲ್ಟರ್ ಹಾಕಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಗ್ಲ್ಯಾಂಡ್ ಬಿಚ್ಚುವ ಮೊದಲು ಮೇಲಿನಿಂದ ನೀರು ನಿಲ್ಲಿಸುವುದನ್ನು ಮಾತ್ರ ಮರೆಯಬಾರದು, ಆ ಒತ್ತಡದಲ್ಲಿ ಪ್ಯಾಕಿಂಗ್ ಚಿಮ್ಮಿ ಬರುತ್ತದೆ.

ಜೋಡಿಸುವಾಗ ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ದಿಕ್ಕಿಗೆ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಂಡು ಹೊರಬರುತ್ತದೆ. ಮೊದಲ ಒಂದು ಸುತ್ತು ಥ್ರೆಡ್ ಬಿಟ್ಟು ಶುರು ಮಾಡಿ, ಟೇಪಿನ ಚೂರು ಪೈಪಿನೊಳಗೆ ಬೀಳುವುದಿಲ್ಲ. ಪ್ಲಾಸ್ಟಿಕ್ಕಿನ ಒಳಥ್ರೆಡ್ಡಿಗೆ ಲೋಹದ ಹೊರಥ್ರೆಡ್ ಬಿಗಿಯಬೇಡಿ, ಅದು ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಲೋಹದ ವಾಲ್ವಿಗೆ ಪ್ಲಾಸ್ಟಿಕ್ ಅಡಾಪ್ಟರ್ ಹೋಗಲಿ, ಅಥವಾ ಹಿತ್ತಾಳೆಯ ಥ್ರೆಡ್ ಕೂಡಿಸಿದ ಅಡಾಪ್ಟರ್ ತನ್ನಿ.

ಮಳೆಗಾಲದಲ್ಲಿ ಗಮ್ ಹಾಕುವ ಕೆಲಸ ಮುಂದೂಡಿ ಅಂತ ಹೇಳಿದ್ದು ಸುಮ್ನೆ ಅಲ್ಲ. ಪೈಪಿನ ತುದಿ ಹಸಿಯಾಗಿದ್ದರೆ ಗಮ್ ಹಿಡಿಯುವುದಿಲ್ಲ, ಗಾಳಿಯ ತೇವಕ್ಕೆ ಒಣಗುವುದೂ ತಡ. ಈಗಲೇ ಮಾಡಬೇಕಾಗಿ ಬಂದರೆ ಮೇಲೆ ಟಾರ್ಪಾಲ್ ಕಟ್ಟಿ, ತುದಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಡಬ್ಬದ ಮೇಲೆ ಬರೆದ ಸಮಯಕ್ಕಿಂತ ಅರ್ಧದಷ್ಟು ಹೆಚ್ಚು ಹೊತ್ತು ಕಾದು ನೀರು ಬಿಡಿ. ಟ್ಯಾಂಕ್ ತುಂಬಿದ ಮೇಲೆ ಜಾಯಿಂಟುಗಳಿಗೆ ಮತ್ತೆ ನ್ಯೂಸ್‌ಪೇಪರ್ ಸುತ್ತಿ ಒಂದು ರಾತ್ರಿ ಬಿಡಿ.

ಹೊಸ ವಾಲ್ವ್ ಯಾವುದೇ ಇರಲಿ, ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ಗೇಟ್ ವಾಲ್ವ್ ಆದರೆ ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿಡಿ, ಮೇಲೆ ಕಚ್ಚಿಕೊಳ್ಳುವುದಿಲ್ಲ. ಬಾವಿ ನೀರು ಉಪ್ಪಾಗುವ ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಡಿಯುವ ಮೊದಲು ಒಮ್ಮೆ ತಪ್ಪದೆ ಮಾಡಿ. ಈಗ ಮೊದಲು ಚಾಕುವಿನಿಂದ ಕೆರೆದು ಬಣ್ಣ ನೋಡಿ. ಹಳದಿ ಕಂಡರೆ ಗ್ಲ್ಯಾಂಡ್ ನಟ್ ತಿರುಗಿಸಿ. ಕೆಂಪು ಕಂಡರೆ ಬಕೆಟ್ ಇಟ್ಟು, ಎರಡು ದಿನ ಬಿಸಿಲು ಬರುವುದನ್ನು ಕಾದು ಪ್ಲಂಬರನ್ನು ಕರೆಯಿರಿ, ಬರುವಾಗ ಯೂನಿಯನ್ ತರಲು ಹೇಳಿ.